ರಿಟ್ರೀವರ್ ಸಾಕಿದವರಿಗೆ: ಒಬೀಡಿಯನ್ಸ್ ರಿಂಗೋ, ಹಂಟ್ ಟೆಸ್ಟಿನ ಬಯಲೋ?

ಅಮೆರಿಕದಲ್ಲಿ ನೆಲೆಸಿ ಲ್ಯಾಬ್ರಡಾರ್ ಅಥವಾ ಗೋಲ್ಡನ್ ರಿಟ್ರೀವರ್ ಸಾಕಿದ ಕನ್ನಡಿಗರು ಮರಿಯನ್ನು ಮೊದಲು ಪಪ್ಪಿ ಕ್ಲಾಸಿಗೆ ಸೇರಿಸುತ್ತಾರೆ. ಅಲ್ಲಿ ಮರಿ ಚುರುಕಾಗಿ ಕಲಿತುಬಿಟ್ಟರೆ, ಇದನ್ನು ಯಾವುದಾದರೂ ಸ್ಪರ್ಧೆಗೆ ಏಕೆ ತಯಾರು ಮಾಡಬಾರದು ಎಂಬ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಆಗ ಎದುರಾಗುವ ದಾರಿಗಳು ಮುಖ್ಯವಾಗಿ ಎರಡು. ಒಂದು, ರಬ್ಬರ್ ಚಾಪೆ ಹಾಸಿದ ರಿಂಗಿನೊಳಗೆ, ತೀರ್ಪುಗಾರರ ಸೂಚನೆಗೆ ಸರಿಯಾಗಿ ಹೆಜ್ಜೆ ಹಾಕುವ ಒಬೀಡಿಯನ್ಸ್ ಟ್ರಯಲ್. ಇನ್ನೊಂದು, ಹುಲ್ಲುಗಾವಲು, ಜೊಂಡು ಮತ್ತು ಹೊಂಡಗಳ ನಡುವೆ ಬಂದೂಕಿನ ಸದ್ದಿಗೆ ಬಿದ್ದ ಹಕ್ಕಿಯನ್ನು ನಾಯಿ ಹುಡುಕಿ ತರುವ ಹಂಟ್ ಟೆಸ್ಟ್. ಎರಡನ್ನೂ ಒಂದೇ ನಾಯಿಯಿಂದ ಮಾಡಿಸಿದವರು ಬಹಳ ಜನರಿದ್ದಾರೆ. ಆದರೆ ಯಾವುದನ್ನು ಮೊದಲು ಹಿಡಿಯಬೇಕು, ಯಾವುದಕ್ಕೆ ಎಷ್ಟು ಸಮಯ ಕೊಡಬೇಕು ಎಂಬುದನ್ನು ಮರಿಗೆ ಆರು ತಿಂಗಳು ತುಂಬುವ ಮೊದಲೇ ಯೋಚಿಸಿಕೊಂಡರೆ, ಕಲಿಸಿದ್ದನ್ನು ಮರೆಸಿ ಮತ್ತೆ ಕಲಿಸುವ ಕಷ್ಟ ತಪ್ಪುತ್ತದೆ.

ಎರಡೂ ಕಡೆ ಬೇಕಾದದ್ದು ಶಿಸ್ತೇ. ಕೂರು ಎಂದರೆ ಕೂರಬೇಕು, ಕರೆದರೆ ಬರಬೇಕು, ಬಾಯಲ್ಲಿ ಹಿಡಿದದ್ದನ್ನು ಕೈಗೆ ಕೊಡಬೇಕು. ಹೀಗಿರುವಾಗ ಒಂದನ್ನು ಕಲಿತ ನಾಯಿಗೆ ಇನ್ನೊಂದು ಸುಲಭವಾಗಬೇಕಲ್ಲವೇ ಎಂದು ಹೊಸಬರು ಭಾವಿಸುವುದು ಸಹಜ. ತೊಡಕಿರುವುದು ನಾಯಿಯ ಕಣ್ಣಿನಲ್ಲಿ. ರಿಂಗಿನಲ್ಲಿ ನಾಯಿ ತನ್ನ ಯಜಮಾನನ ಮುಖವನ್ನು ಬಿಟ್ಟು ಬೇರೆ ಕಡೆ ನೋಡಬಾರದು. ಬಯಲಿನಲ್ಲಿ ಅದೇ ನಾಯಿ ಯಜಮಾನನನ್ನು ಮರೆತವರಂತೆ ದೂರದ ದಿಗಂತವನ್ನು ನೋಡಬೇಕು. ಇಲ್ಲದಿದ್ದರೆ ಹಕ್ಕಿ ಬಿದ್ದ ಜಾಗವೇ ಅದಕ್ಕೆ ತಿಳಿಯುವುದಿಲ್ಲ. ತರಬೇತಿಯ ಉಳಿದ ಬಹುತೇಕ ವ್ಯತ್ಯಾಸಗಳು ಇದರಿಂದಲೇ ಹುಟ್ಟುತ್ತವೆ.

ರಿಂಗಿನಲ್ಲಿ ಏನು ಕೇಳುತ್ತಾರೆ

ಅಮೆರಿಕದಲ್ಲಿ ಒಬೀಡಿಯನ್ಸ್ ಸ್ಪರ್ಧೆಯ ಹುಟ್ಟಿಗೆ ಕಾರಣರಾದವರು ಪೂಡಲ್ ನಾಯಿಗಳನ್ನು ಸಾಕುತ್ತಿದ್ದ ಹೆಲೆನ್ ವೈಟ್‌ಹೌಸ್ ವಾಕರ್. ಅವರು 1933ರಲ್ಲಿ ನ್ಯೂಯಾರ್ಕ್ ರಾಜ್ಯದ ಮೌಂಟ್ ಕಿಸ್ಕೋದಲ್ಲಿ ಮೊದಲ ಪರೀಕ್ಷೆಯನ್ನು ಏರ್ಪಡಿಸಿದರು. 1936ರಲ್ಲಿ ಅಮೆರಿಕನ್ ಕೆನಲ್ ಕ್ಲಬ್, ಅಂದರೆ ಎಕೆಸಿ, ಇದಕ್ಕೆ ಮಾನ್ಯತೆ ಕೊಟ್ಟಿತು. ಪೂಡಲ್‌ಗಳಿಗಾಗಿ ಹುಟ್ಟಿದ ಈ ಆಟದಲ್ಲಿ ಮುಂದೆ ಮೆರೆದದ್ದು ಮಾತ್ರ ರಿಟ್ರೀವರ್‌ಗಳೇ. ಎಕೆಸಿ 1977ರಲ್ಲಿ ಒಬೀಡಿಯನ್ಸ್ ಚಾಂಪಿಯನ್ ಎಂಬ ಬಿರುದನ್ನು ತಂದಾಗ ಅದನ್ನು ಮೊದಲು ಗಳಿಸಿದ ಮೂರೂ ನಾಯಿಗಳು ಗೋಲ್ಡನ್ ರಿಟ್ರೀವರ್‌ಗಳಾಗಿದ್ದವು.

ಸ್ಪರ್ಧೆಯಲ್ಲಿ ನಾವಿಸ್, ಓಪನ್, ಯುಟಿಲಿಟಿ ಎಂದು ಮೂರು ಹಂತಗಳಿವೆ. ಒಟ್ಟು ಅಂಕ 200. ಪಾಸಾಗಲು ಕನಿಷ್ಠ 170 ಅಂಕ ಬೇಕು. ಜೊತೆಗೆ ಪ್ರತಿಯೊಂದು ಅಭ್ಯಾಸದಲ್ಲೂ ಅರ್ಧಕ್ಕಿಂತ ಹೆಚ್ಚು ಅಂಕ ಬಂದಿರಬೇಕು. ಹೀಗೆ ಮೂರು ಸಲ ಪಾಸಾದರೆ ಆ ಹಂತದ ಬಿರುದು ಸಿಗುತ್ತದೆ. ನಾವಿಸ್‌ನಲ್ಲಿ ಬಾರು ಹಾಕಿಯೂ ಹಾಕದೆಯೂ ಎಡಗಡೆಗೆ ಅಂಟಿಕೊಂಡು ನಡೆಯುವುದು, ಅಪರಿಚಿತರು ಮುಟ್ಟಿದಾಗ ಅಲುಗಾಡದೆ ನಿಲ್ಲುವುದು, ಕರೆದಾಗ ನೇರವಾಗಿ ಬಂದು ಎದುರಿಗೆ ಕೂರುವುದು ಮುಂತಾದವು ಬರುತ್ತವೆ. ಓಪನ್‌ನಲ್ಲಿ ನಾಯಿ ಬಾಯಲ್ಲಿ ಹಿಡಿಯುವ ಹಗುರ ಡಂಬೆಲ್ ಎಸೆದಾಗ ತರುವುದು ಸೇರಿಕೊಳ್ಳುತ್ತದೆ: ಒಮ್ಮೆ ಸಮತಟ್ಟು ನೆಲದಲ್ಲಿ, ಒಮ್ಮೆ ಎತ್ತರದ ಹಲಗೆಯನ್ನು ಹಾರಿ. ಯುಟಿಲಿಟಿಯಲ್ಲಿ ಮಾತಿಲ್ಲದ ಕೈಸನ್ನೆ, ಚರ್ಮ ಮತ್ತು ಲೋಹದ ವಸ್ತುಗಳ ರಾಶಿಯಿಂದ ಯಜಮಾನನ ವಾಸನೆ ಹತ್ತಿದ್ದನ್ನು ಮಾತ್ರ ಆರಿಸಿ ತರುವುದು, ಮೂರು ಕೈಗವಸುಗಳಲ್ಲಿ ತೋರಿಸಿದ್ದನ್ನೇ ತರುವುದು ಇತ್ಯಾದಿ ಇವೆ.

ಇಲ್ಲಿ ಅಂಕ ಕಳೆಯುವುದು ತೀರ ಸಣ್ಣ ವಿಷಯಗಳಿಗೆ. ಕೂತಾಗ ಸೊಂಟ ಸ್ವಲ್ಪ ಓರೆಯಾದರೆ ಅರ್ಧ ಅಂಕ, ನಡೆಯುವಾಗ ಒಂದು ಹೆಜ್ಜೆ ಹಿಂದುಳಿದರೆ ಮತ್ತಷ್ಟು, ಡಂಬೆಲ್‌ನ್ನು ಬಾಯಲ್ಲಿ ಜಗಿದರೆ ಇನ್ನೂ ಹೆಚ್ಚು. ಈ ಬಗೆಯ ಅಚ್ಚುಕಟ್ಟುತನದಲ್ಲಿ ಸಂತೋಷ ಕಾಣುವ ಮನುಷ್ಯರಿಗೆ ಒಬೀಡಿಯನ್ಸ್ ಹೇಳಿಮಾಡಿಸಿದ್ದು. ಇದು ನಾಯಿಯ ಸ್ವಭಾವಕ್ಕಿಂತ ಯಜಮಾನನ ಸ್ವಭಾವಕ್ಕೆ ಹೊಂದಬೇಕಾದ ಆಟ ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯ ಲ್ಯಾಬ್‌ಗೆ ಇದನ್ನು ಕಲಿಯುವ ಬುದ್ಧಿ ಧಾರಾಳವಾಗಿ ಇರುತ್ತದೆ. ದಿನಾ ಹತ್ತು ನಿಮಿಷ ಒಂದೇ ತಿರುವನ್ನು ತಾಳ್ಮೆಯಿಂದ ತಿದ್ದುವ ಮನಸ್ಸು ನಮಗಿದೆಯೇ ಎಂಬುದೇ ಪ್ರಶ್ನೆ.

ಬಯಲಿನಲ್ಲಿ ಏನು ಕೇಳುತ್ತಾರೆ

ಹಂಟ್ ಟೆಸ್ಟ್ ಮತ್ತು ಫೀಲ್ಡ್ ಟ್ರಯಲ್ ಎರಡನ್ನೂ ಒಂದೇ ಎಂದು ತಿಳಿಯಬಾರದು. ಫೀಲ್ಡ್ ಟ್ರಯಲ್‌ನಲ್ಲಿ ನಾಯಿಗಳು ಪರಸ್ಪರ ಸ್ಪರ್ಧಿಸುತ್ತವೆ, ಮೊದಲ ನಾಲ್ಕು ಸ್ಥಾನಗಳಿಗೆ ಮಾತ್ರ ಬೆಲೆ. ರಿಟ್ರೀವರ್‌ಗಳಿಗಾಗಿ ಇಂಥ ಮೊದಲ ಅಧಿಕೃತ ಟ್ರಯಲ್ 1931ರಲ್ಲಿ ನ್ಯೂಯಾರ್ಕ್ ರಾಜ್ಯದ ಚೆಸ್ಟರ್ ಬಳಿ ನಡೆಯಿತು. ಅಂದಿನಿಂದ ಅದು ಬೆಳೆಯುತ್ತಾ ಬಂದು, ಈಗ ನೂರಾರು ಗಜ ದೂರದ ಹಕ್ಕಿಗಳನ್ನು ಗುರುತಿಸುವ, ಬಹುಪಾಲು ವೃತ್ತಿಪರ ತರಬೇತುದಾರರ ಕೈಯಲ್ಲಿರುವ ಕ್ಷೇತ್ರವಾಗಿದೆ. ಉದ್ಯೋಗ ಮತ್ತು ಸಂಸಾರದ ನಡುವೆ ನಾಯಿಯನ್ನು ತಯಾರು ಮಾಡುವ ಹೊಸಬರಿಗೆ ಅದನ್ನು ನಾನು ಸೂಚಿಸಲಾರೆ. ಹಂಟ್ ಟೆಸ್ಟ್ ಹುಟ್ಟಿದ್ದೇ ಅದಕ್ಕೆ ಪರ್ಯಾಯವಾಗಿ. ಇಲ್ಲಿ ನಾಯಿ ಇನ್ನೊಂದು ನಾಯಿಯನ್ನು ಸೋಲಿಸಬೇಕಾಗಿಲ್ಲ; ನಿಗದಿಯಾದ ಮಟ್ಟವನ್ನು ಮುಟ್ಟಿದರೆ ಸಾಕು. ಒಂದೇ ದಿನ ಬಂದ ಎಲ್ಲ ನಾಯಿಗಳೂ ಪಾಸಾಗಬಹುದು, ಎಲ್ಲವೂ ಫೇಲಾಗಲೂಬಹುದು.

ಹಂಟ್ ಟೆಸ್ಟ್ ನಡೆಸುವ ಸಂಸ್ಥೆಗಳಲ್ಲಿ ಮೂರು ಮುಖ್ಯ. ನಾರ್ತ್ ಅಮೆರಿಕನ್ ಹಂಟಿಂಗ್ ರಿಟ್ರೀವರ್ ಅಸೋಸಿಯೇಷನ್ 1983ರಲ್ಲಿ ಆರಂಭವಾಯಿತು. ಯುನೈಟೆಡ್ ಕೆನಲ್ ಕ್ಲಬ್ ಜೊತೆ ಸೇರಿ ಕೆಲಸ ಮಾಡುವ ಹಂಟಿಂಗ್ ರಿಟ್ರೀವರ್ ಕ್ಲಬ್, ಅಂದರೆ ಎಚ್‌ಆರ್‌ಸಿ, 1984ರಲ್ಲಿ ಬಂತು. ಎಕೆಸಿಯ ಹಂಟಿಂಗ್ ಟೆಸ್ಟ್ 1985ರಲ್ಲಿ ಶುರುವಾಯಿತು.

ಎಕೆಸಿಯಲ್ಲಿ ಜೂನಿಯರ್, ಸೀನಿಯರ್, ಮಾಸ್ಟರ್ ಎಂಬ ಮೂರು ಹಂತಗಳಿವೆ. ಜೂನಿಯರ್‌ನಲ್ಲಿ ನೆಲದ ಮೇಲೆ ಎರಡು, ನೀರಿನಲ್ಲಿ ಎರಡು, ಹೀಗೆ ನಾಲ್ಕು ಹಕ್ಕಿಗಳನ್ನು ಒಂದೊಂದಾಗಿ ಎಸೆಯುತ್ತಾರೆ. ನಾಯಿ ಬಿದ್ದ ಜಾಗವನ್ನು ನೋಡಿ ನೆನಪಿಟ್ಟುಕೊಂಡು ತಂದು ಕೈಗೆ ಕೊಡಬೇಕು. ಇದನ್ನು ಮಾರ್ಕ್ ಎನ್ನುತ್ತಾರೆ. ದೂರ 100 ಗಜ ಮೀರುವುದಿಲ್ಲ, ನಾಯಿಯನ್ನು ಕೊರಳಪಟ್ಟಿಯಲ್ಲಿ ಮೃದುವಾಗಿ ಹಿಡಿದುಕೊಂಡಿರಬಹುದು. ಸೀನಿಯರ್‌ನಲ್ಲಿ ಎರಡು ಹಕ್ಕಿಗಳು ಒಂದರ ಹಿಂದೊಂದು ಬೀಳುತ್ತವೆ, ಹಿಡಿದುಕೊಳ್ಳುವಂತಿಲ್ಲ, ಜೊತೆಗೆ ಬ್ಲೈಂಡ್ ಬರುತ್ತದೆ, ಅಂದರೆ ನಾಯಿ ನೋಡದೇ ಇಟ್ಟ ಹಕ್ಕಿಯ ಬಳಿಗೆ ಸಿಳ್ಳೆ ಮತ್ತು ಕೈಸನ್ನೆಯಿಂದ ಅದನ್ನು ನಡೆಸಬೇಕು. ಮಾಸ್ಟರ್‌ನಲ್ಲಿ ಇದೆಲ್ಲ ಇನ್ನಷ್ಟು ದೂರ, ಇನ್ನಷ್ಟು ಗೊಂದಲ. ಅಂಕ ಕೊಡುವುದು ಗುರುತಿಸುವ ಶಕ್ತಿ, ಉತ್ಸಾಹ, ಛಲ, ಹೇಳಿದ್ದನ್ನು ಕೇಳುವ ಗುಣ ಇವುಗಳಿಗೆ, ಹತ್ತರ ಲೆಕ್ಕದಲ್ಲಿ. ಒಟ್ಟು ಸರಾಸರಿ 7ಕ್ಕೆ ಕಡಿಮೆಯಾಗಬಾರದು, ಯಾವುದೇ ಒಂದು ಗುಣದಲ್ಲಿ ಸರಾಸರಿ 5ಕ್ಕಿಂತ ಕೆಳಗಿಳಿಯಬಾರದು. ಜೂನಿಯರ್ ಬಿರುದಿಗೆ ನಾಲ್ಕು ಪಾಸು ಬೇಕು. ಸೀನಿಯರ್‌ಗೆ ಐದು, ಆದರೆ ಜೂನಿಯರ್ ಬಿರುದಿದ್ದರೆ ನಾಲ್ಕು. ಮಾಸ್ಟರ್‌ಗೆ ಆರು, ಸೀನಿಯರ್ ಬಿರುದಿದ್ದರೆ ಐದು.

ಎಚ್‌ಆರ್‌ಸಿಯ ಹಂತಗಳು ಸ್ಟಾರ್ಟೆಡ್, ಸೀಸನ್ಡ್, ಫಿನಿಶ್ಡ್ ಎಂದು. ಅದರ ಮೇಲೆ ಗ್ರ್ಯಾಂಡ್. ಬೇಟೆಗಾರರು ಬೇಟೆಗಾರರಿಗಾಗಿ ಕಟ್ಟಿದ ಸಂಸ್ಥೆ ಎಂಬ ಹೆಮ್ಮೆ ಅವರದು. ಉಡುಪು ಬೇಟೆಯದೇ ಆಗಿರಬೇಕು; ಮೇಲಿನ ಹಂತಗಳಲ್ಲಿ ಗುಂಡಿಲ್ಲದೆ ಬರೀ ಮದ್ದು ತುಂಬಿದ ಬಂದೂಕನ್ನು ನಾಯಿ ನಡೆಸುವವರೇ ಹಿಡಿದು ಹಾರಿಸಬೇಕು. ಸ್ಟಾರ್ಟೆಡ್ ಹಂತ ಮಾತ್ರ ಎಕೆಸಿಯ ಜೂನಿಯರ್‌ಗಿಂತ ಮೃದು. ಅಲ್ಲಿ ಹಕ್ಕಿಯನ್ನು ಕೈಗೇ ಕೊಡಬೇಕೆಂದಿಲ್ಲ, ಹತ್ತಿರಕ್ಕೆ ತಂದರೆ ಸಾಕು. ನಾರ್ತ್ ಅಮೆರಿಕನ್ ಸಂಸ್ಥೆಯ ಪರೀಕ್ಷೆಗಳಲ್ಲಿ ಇವೆರಡರಲ್ಲೂ ಅಷ್ಟಾಗಿ ಕಾಣದ ಒಂದು ಅಂಶವಿದೆ. ಗಾಯಗೊಂಡ ಹಕ್ಕಿ ಓಡಿಹೋದ ದಾರಿಯನ್ನು ಮೂಸಿ ಹಿಂಬಾಲಿಸುವುದು ಮತ್ತು ಬಂದೂಕಿನ ಮುಂದೆ ಅಡ್ಡಾಡುತ್ತಾ ಹಕ್ಕಿಯನ್ನು ಎಬ್ಬಿಸುವುದು. ಮೂಗು ಚುರುಕಾಗಿರುವ, ಆದರೆ ದೂರದ ಮಾರ್ಕ್‌ಗಳಲ್ಲಿ ಸಾಧಾರಣವಾದ ನಾಯಿಗೆ ಇದು ಒಳ್ಳೆಯ ಆಯ್ಕೆ. ಕ್ಲಬ್‌ಗಳು ಮಾತ್ರ ಎಲ್ಲ ರಾಜ್ಯಗಳಲ್ಲಿ ಹತ್ತಿರದಲ್ಲಿ ಸಿಗುವುದಿಲ್ಲ.

ಇಲ್ಲಿ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಒಂದು ಕಾನೂನಿನ ವಿಷಯವಿದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಅಥವಾ ಮದ್ದುಗುಂಡು ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಇದ್ದರೆ ವಿನಾಯಿತಿ ಇದೆ. ಹಂಟ್ ಟೆಸ್ಟಿನ ಬಂದೂಕು ನಿಜವಾದ ಬಂದೂಕೇ ಆದ್ದರಿಂದ, ಎಚ್‌ಆರ್‌ಸಿಯ ಸೀಸನ್ಡ್ ಹಂತಕ್ಕೆ ಹೆಸರು ಕೊಡುವ ಮೊದಲು ವಕೀಲರನ್ನು ಕೇಳಿ ಸ್ಪಷ್ಟಪಡಿಸಿಕೊಳ್ಳುವುದು ಕ್ಷೇಮ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಎಕೆಸಿಯ ಜೂನಿಯರ್ ಹಂತದಲ್ಲಿ ಬಂದೂಕಿನ ಕೆಲಸವನ್ನೆಲ್ಲ ಕ್ಲಬ್‌ನವರೇ ನೋಡಿಕೊಳ್ಳುವುದರಿಂದ, ವೀಸಾದಲ್ಲಿರುವವರಿಗೆ ನನ್ನ ಸಲಹೆ ಅಲ್ಲಿಂದಲೇ ಆರಂಭಿಸಿ ಎಂದು.

ಒಂದೇ ನಾಯಿಗೆ ಎರಡೂ ಕಲಿಸುವಾಗ ಎಲ್ಲಿ ತೊಡಕು

ಅತಿ ದೊಡ್ಡ ತೊಡಕು ಹೀಲ್, ಅಂದರೆ ಎಡಗಾಲಿನ ಪಕ್ಕ ನಡೆಯುವುದು. ಒಬೀಡಿಯನ್ಸ್ ತರಬೇತುದಾರರು ಮರಿಗೆ ತಿಂಡಿ ತೋರಿಸಿ ತಲೆಯೆತ್ತಿ ಮುಖ ನೋಡುತ್ತಾ ನಡೆಯುವುದನ್ನು ಮೊದಲ ತಿಂಗಳಿನಿಂದಲೇ ಕಲಿಸುತ್ತಾರೆ. ಹೀಗೆ ಬೆಳೆದ ನಾಯಿಯನ್ನು ಬಯಲಿಗೆ ಒಯ್ದು, ಹಕ್ಕಿ ತರಲು ಕಳುಹಿಸುವ ಜಾಗದಲ್ಲಿ ನಿಲ್ಲಿಸಿದಾಗ ಅದು ಶ್ರದ್ಧೆಯಿಂದ ಯಜಮಾನನ ಗಲ್ಲವನ್ನೇ ನೋಡುತ್ತಿರುತ್ತದೆ. 80 ಗಜದಾಚೆ ಬಾತುಕೋಳಿಯ ಸದ್ದು ಕೇಳಿ ಅದು ತಲೆ ತಿರುಗಿಸುವಷ್ಟರಲ್ಲಿ ಹಕ್ಕಿ ಹುಲ್ಲಿನೊಳಗೆ ಬಿದ್ದಾಗಿರುತ್ತದೆ. ತಿರುಗಾಮುರುಗಾ ಸಮಸ್ಯೆಯೂ ಇದೆ: ಬಯಲಿನ ನಾಯಿ ರಿಂಗಿನಲ್ಲಿ ಕಿಟಕಿಯನ್ನೋ ಪಕ್ಕದ ರಿಂಗಿನ ಡಂಬೆಲ್‌ನ್ನೋ ನೋಡುತ್ತಾ ನಡೆಯುತ್ತದೆ, ಪ್ರತಿ ತಿರುವಿನಲ್ಲೂ ಅಂಕ ಹೋಗುತ್ತದೆ. ಇದಕ್ಕೆ ಪರಿಹಾರವಿದೆ. ಎರಡು ಬಗೆಯ ನಡಿಗೆಗೆ ಎರಡು ಬೇರೆ ಆಜ್ಞೆ, ಎರಡು ಬೇರೆ ಕೊರಳಪಟ್ಟಿ ಬಳಸಿದರೆ ನಾಯಿ ಬೇಗನೆ ಅರ್ಥಮಾಡಿಕೊಳ್ಳುತ್ತದೆ. ನಾಯಿಗಳಿಗೆ ಸಂದರ್ಭದ ಅರಿವು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ.

ಎರಡನೆಯದು ಹೆಸರು. ಬಯಲಿನ ವಾಡಿಕೆಯಲ್ಲಿ ನಾಯಿಯ ಹೆಸರನ್ನು ಕೂಗುವುದೆಂದರೆ ಮಾರ್ಕ್ ತರಲು ಬಿಡುಗಡೆ. ಕಾಣದ ಹಕ್ಕಿಗೆ ಕಳುಹಿಸುವಾಗ ಬ್ಯಾಕ್ ಎಂಬ ಆಜ್ಞೆ. ರಿಂಗಿನಲ್ಲಿ ಬಹುತೇಕರು ಪ್ರತಿ ಆಜ್ಞೆಗೂ ಮೊದಲು ಹೆಸರು ಸೇರಿಸುತ್ತಾರೆ. ಮಾರ್ಕ್ ಚೆನ್ನಾಗಿ ಕಲಿತ ನಾಯಿಗೆ ಡಂಬೆಲ್ ಎಸೆದ ಮೇಲೆ ಹೆಸರು ಹಿಡಿದು ಕರೆದರೆ ಅದು ಮುಂದಿನ ಪದಕ್ಕೆ ಕಾಯದೆ ಹಾರಿ ಓಡುತ್ತದೆ. ರಿಂಗಿನಲ್ಲಿ ಹೆಸರು ಹೇಳುವುದು ಕಡ್ಡಾಯವಲ್ಲವಾದ್ದರಿಂದ ಅಲ್ಲಿ ಅದನ್ನು ಬಿಟ್ಟುಬಿಡುವುದೇ ಲೇಸು. ಮನೆಯಲ್ಲಿ ಕನ್ನಡದಲ್ಲೇ ಆಜ್ಞೆ ಕೊಡುವವರಿಗೆ ಇನ್ನೊಂದು ಎಚ್ಚರಿಕೆ: ಹತ್ತಿರ ಕರೆಯುವ ‘ಬಾ’, ದೂರ ಕಳಿಸುವ ‘ಬ್ಯಾಕ್’ ಎರಡೂ ಒಂದೇ ಬಗೆಯಲ್ಲಿ ಶುರುವಾಗುವ ಸದ್ದುಗಳು, ಗಾಳಿ ಬೀಸುವಾಗ ನಾಯಿಯ ಕಿವಿಗೆ ಮೊದಲ ತುಣುಕಷ್ಟೇ ತಲುಪುವುದುಂಟು. ಬಯಲಿನಲ್ಲಿ ವಾಪಸು ಕರೆಯುವುದಕ್ಕೆ ಸಿಳ್ಳೆಯನ್ನೇ ಬಳಸಿದರೆ ಈ ಗೊಂದಲವಿಲ್ಲ. ಒಂದು ಉದ್ದನೆಯ ಊದು ಎಂದರೆ ಕೂರು, ಚಿಕ್ಕಚಿಕ್ಕ ಊದುಗಳ ಸಾಲು ಎಂದರೆ ಬಾ ಎಂಬುದು ಸಾಮಾನ್ಯ ರೂಢಿ.

ಮೂರನೆಯದು ತಂದದ್ದನ್ನು ಒಪ್ಪಿಸುವ ರೀತಿ. ರಿಂಗಿನಲ್ಲಿ ನಾಯಿ ನೇರವಾಗಿ ಎದುರಿಗೆ ಬಂದು ಕೂತು, ಡಂಬೆಲ್ ಕೊಟ್ಟು, ಆಮೇಲೆ ಆಜ್ಞೆಯಾದಾಗ ಪಕ್ಕಕ್ಕೆ ಸುತ್ತಿ ಬರಬೇಕು. ಬಯಲಿನಲ್ಲಿ ನೇರವಾಗಿ ಪಕ್ಕಕ್ಕೇ ಬಂದು ಮುಂದಕ್ಕೆ ಮುಖ ಮಾಡಿ ಕೂತರೆ ಮುಂದಿನ ಹಕ್ಕಿಗೆ ಕಳುಹಿಸುವುದು ಸುಲಭ. ಎದುರಿಗೆ ಕೂತ ನಾಯಿ ಎರಡನೆಯ ಮಾರ್ಕ್‌ನ್ನು ಮರೆಯುವ ಅಪಾಯ ಹೆಚ್ಚು. ಹಾಗಾಗಿ ಎರಡೂ ಆಟ ಆಡಿಸುವವರು ಡಂಬೆಲ್‌ಗೆ ಎದುರು, ಹಕ್ಕಿಯ ಬದಲಿಗೆ ಎಸೆಯುವ ಪ್ಲಾಸ್ಟಿಕ್ ತುಂಡಾದ ಬಂಪರ್‌ಗೆ ಪಕ್ಕ ಎಂದು ಮೊದಲಿನಿಂದಲೇ ಬೇರ್ಪಡಿಸಿ ಕಲಿಸುತ್ತಾರೆ.

ಒಂದರಿಂದ ಇನ್ನೊಂದಕ್ಕೆ ಲಾಭವೂ ಆಗುತ್ತದೆ. ಬ್ಲೈಂಡ್‌ಗಾಗಿ ಎಡ, ಬಲ, ಹಿಂದೆ ಎಂಬ ಕೈಸನ್ನೆಗಳನ್ನು ಕಲಿತ ನಾಯಿಗೆ ಯುಟಿಲಿಟಿಯ ಅತ್ಯಂತ ಕಷ್ಟದ ಅಭ್ಯಾಸವಾದ ಡೈರೆಕ್ಟೆಡ್ ಜಂಪಿಂಗ್ ಅರ್ಧ ಬಂದಂತೆಯೇ. ಯಜಮಾನನಿಂದ ದೂರಕ್ಕೆ ನೇರವಾಗಿ ಓಡಿ, ಹೇಳಿದಾಗ ತಿರುಗಿ ಕೂತು, ಕೈ ತೋರಿದ ಕಡೆಯ ಹಲಗೆಯನ್ನು ಹಾರುವುದು ಅದರ ಸ್ವರೂಪ. ಬರೀ ರಿಂಗಿನಲ್ಲಿ ಬೆಳೆದ ನಾಯಿಗಳು ಏನೂ ಇಲ್ಲದ ಜಾಗಕ್ಕೆ ಓಡುವುದಾದರೂ ಏಕೆ ಎಂದು ನಿಂತುಬಿಡುವುದು ಇಲ್ಲೇ. ಅದೇ ರೀತಿ, ಗುಂಪಿನ ನಡುವೆ ಅಲುಗಾಡದೆ ಕೂರುವುದನ್ನು ರಿಂಗಿನಲ್ಲಿ ಕಲಿತ ನಾಯಿಗೆ ಸೀನಿಯರ್ ಹಂತದ ಆನರ್, ಅಂದರೆ ಇನ್ನೊಂದು ನಾಯಿ ಹಕ್ಕಿ ತರುವಾಗ ನೋಡುತ್ತಾ ಸುಮ್ಮನಿರುವುದು, ಅಷ್ಟು ದೊಡ್ಡ ಪರೀಕ್ಷೆಯಾಗುವುದಿಲ್ಲ.

ತರಬೇತಿಯ ವಿಧಾನ: ಎಲ್ಲರೂ ಒಪ್ಪದ ವಿಷಯ

ಒಬೀಡಿಯನ್ಸ್ ಲೋಕ ಇಂದು ಬಹುಮಟ್ಟಿಗೆ ತಿಂಡಿ, ಸರಿಯಾಗಿ ಮಾಡಿದಾಗ ಸದ್ದು ಮಾಡಿ ತಿಳಿಸುವ ಕ್ಲಿಕ್ಕರ್, ಆಟಿಕೆಗಳ ಕಡೆಗೆ ವಾಲಿದೆ. ಅಮೆರಿಕದ ಹಂಟ್ ಟೆಸ್ಟ್ ಲೋಕದಲ್ಲಿ ದೂರದಿಂದಲೇ ನಾಯಿಯ ಕೊರಳಿಗೆ ವಿದ್ಯುತ್ ಚುರುಕು ಮುಟ್ಟಿಸುವ ಎಲೆಕ್ಟ್ರಾನಿಕ್ ಕಾಲರ್ ಮತ್ತು ಫೋರ್ಸ್ ಫೆಚ್ ಎಂಬ ಕಡ್ಡಾಯ ಹಿಡಿತದ ಪಾಠ ಇಂದಿಗೂ ಸಾಮಾನ್ಯ. ಎಕೆಸಿ ತನ್ನ ಟೆಸ್ಟ್ ನಡೆಯುವ ಜಾಗದಲ್ಲಿ ಎಲೆಕ್ಟ್ರಾನಿಕ್ ಕಾಲರ್ ಬಳಸಲು ಬಿಡುವುದಿಲ್ಲ, ಆದರೆ ಮನೆಯ ತರಬೇತಿಯಲ್ಲಿ ಬಳಸುವವರು ಹೆಚ್ಚು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯ 2010ರಲ್ಲೇ ಈ ಕಾಲರನ್ನು ನಿಷೇಧಿಸಿತು. ಜೂನಿಯರ್ ಮತ್ತು ಸ್ಟಾರ್ಟೆಡ್ ಹಂತಗಳಿಗೆ ಕಾಲರ್ ಅಗತ್ಯವೇ ಇಲ್ಲ ಎಂಬುದು ನನ್ನ ನಿಲುವು. ಹಕ್ಕಿಯ ಮೇಲೆ ಆಸೆಯಿರುವ, ಕರೆದರೆ ಬರುವ ನಾಯಿಗೆ ಅಲ್ಲಿ ಬೇಕಾದದ್ದು ಅಭ್ಯಾಸ ಮಾತ್ರ. ಮಾಸ್ಟರ್ ಹಂತದಲ್ಲಿ, ನೂರು ಗಜದಾಚೆ ನೀರಿನಲ್ಲಿ ತಪ್ಪು ದಾರಿ ಹಿಡಿದ ನಾಯಿಯನ್ನು ತಿದ್ದುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಚರ್ಚೆ ಗಂಭೀರವಾಗುತ್ತದೆ. ಕಾಲರ್ ಇಲ್ಲದೆ ಅಲ್ಲಿಗೆ ತಲುಪಲು ಹೆಚ್ಚು ವರ್ಷ, ಹೆಚ್ಚು ತಾಳ್ಮೆ ಬೇಕು. ನಾಯಿಯನ್ನು ತರಬೇತುದಾರರ ಬಳಿ ತಿಂಗಳುಗಟ್ಟಲೆ ಬಿಡುವ ಪದ್ಧತಿಯೂ ಇದೆ. ಇದಕ್ಕೆ ತಿಂಗಳಿಗೆ ಸಾವಿರ ಡಾಲರ್ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಖರ್ಚಾಗುತ್ತದೆ. ಬಿಡುವ ಮೊದಲು ಅವರು ಬೇರೆ ನಾಯಿಯೊಂದನ್ನು ಪಳಗಿಸುವುದನ್ನು ಒಂದಿಡೀ ಬೆಳಗ್ಗೆ ಕಣ್ಣಾರೆ ನೋಡಬೇಕು. ನೋಡಲು ಬಿಡದವರ ಬಳಿ ನಾಯಿಯನ್ನು ಬಿಡಬಾರದು.

ಬಂದೂಕಿನ ಸದ್ದಿನ ವಿಷಯದಲ್ಲಿ ಮಾತ್ರ ಎಲ್ಲ ಪಂಥದವರೂ ಒಪ್ಪುತ್ತಾರೆ: ಅವಸರ ಬೇಡ. ಮರಿ ಬಂಪರ್‌ನ ಹಿಂದೆ ಓಡುವ ಖುಷಿಯಲ್ಲಿರುವಾಗ ತುಂಬ ದೂರದಿಂದ ಸಣ್ಣ ಪಿಸ್ತೂಲಿನ ಸದ್ದು ಬಂದು, ಅದು ವಾರಗಳ ನಂತರ ಮೆಲ್ಲನೆ ಹತ್ತಿರವಾಗಬೇಕು. ಜುಲೈ 4ರ ಪಟಾಕಿಯ ರಾತ್ರಿಯಲ್ಲೇ ಹೆದರಿದ ಮರಿಯನ್ನು ಮರುವಾರ ಬಯಲಿಗೆ ಒಯ್ಯುವುದು ಅಪಾಯಕಾರಿ. ಬಂಪರ್‌ನ ಬಣ್ಣವೂ ಗಮನಿಸಬೇಕಾದದ್ದು. ನಾಯಿಯ ಕಣ್ಣಿಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣದ ಕಾರಣ, ನಮಗೆ ಎದ್ದು ಕಾಣುವ ಕಿತ್ತಳೆ ಬಂಪರ್ ಹುಲ್ಲಿನಲ್ಲಿ ಅದಕ್ಕೆ ಮಂಕಾಗಿಬಿಡುತ್ತದೆ. ಅದಕ್ಕೇ ನೋಡಿ ತರಬೇಕಾದ ಮಾರ್ಕ್‌ಗೆ ಬಿಳಿಯದನ್ನೂ, ಕಾಣದ ಬ್ಲೈಂಡ್‌ಗೆ ಕಿತ್ತಳೆಯದನ್ನೂ ಬಳಸುತ್ತಾರೆ. ಅಂಗಡಿಯಲ್ಲಿ ಚೆಂದ ಕಂಡಿತೆಂದು ಕಿತ್ತಳೆಯದನ್ನೇ ಕೊಂಡವರು ಮರಿಯ ದೃಷ್ಟಿಯ ಬಗ್ಗೆ ಸುಮ್ಮನೆ ಚಿಂತಿಸುತ್ತಾರೆ.

ಸಸ್ಯಾಹಾರಿ ಮನೆಗಳ ಪ್ರಶ್ನೆ

ಇದನ್ನು ಮುಚ್ಚಿಡದೆ ಹೇಳಬೇಕು. ಹಂಟ್ ಟೆಸ್ಟಿನಲ್ಲಿ ನಾಯಿ ತರುವುದು ನಿಜವಾದ ಹಕ್ಕಿಗಳನ್ನು: ಬಾತುಕೋಳಿ, ಫೆಸೆಂಟ್, ಪಾರಿವಾಳ. ಕೆಲವು ಸಲ ಹಾರಿಬಿಟ್ಟ ಹಕ್ಕಿಯನ್ನು ಅಲ್ಲೇ ಗುಂಡಿಕ್ಕುತ್ತಾರೆ. ತರಬೇತಿಯ ಬಹುಪಾಲನ್ನು ಪ್ಲಾಸ್ಟಿಕ್ ಬಂಪರ್‌ನಿಂದ ಮಾಡಬಹುದಾದರೂ, ಬಂಪರ್ ಮಾತ್ರ ಕಂಡ ನಾಯಿ ಟೆಸ್ಟಿನ ದಿನ ಒದ್ದೆ ಬಾತುಕೋಳಿಯನ್ನು ಮೂಸಿ, ಅದರ ಸುತ್ತ ಒಂದು ಸುತ್ತು ಹಾಕಿ, ಮುಟ್ಟದೆ ವಾಪಸು ಬರುವ ಸಾಧ್ಯತೆ ಇದೆ. ಅದಕ್ಕೆ ಮೊದಲು ಬಂಪರ್‌ಗೆ ರೆಕ್ಕೆ ಕಟ್ಟಿ, ನಂತರ ಕರಗಿಸಿದ ಹೆಪ್ಪುಗಟ್ಟಿದ ಹಕ್ಕಿಯನ್ನು ಕೊಟ್ಟು ಅಭ್ಯಾಸ ಮಾಡಿಸುತ್ತಾರೆ. ಅಂದರೆ ಮನೆಯ ಫ್ರೀಜರ್‌ನಲ್ಲಿ ಸತ್ತ ಬಾತುಕೋಳಿಗಳಿರುತ್ತವೆ. ಗ್ಯಾರೇಜಿನಲ್ಲಿ ಬೇರೆ ಫ್ರೀಜರ್ ಇಟ್ಟು ಹೊಂದಿಸಿಕೊಳ್ಳುವವರು ಇದ್ದಾರೆ, ಅತ್ತೆ ಮಾವ ಊರಿಂದ ಬಂದಾಗ ಅದಕ್ಕೆ ಬೀಗ ಹಾಕುವುದೂ ಉಂಟು. ಆದರೆ ಹಕ್ಕಿಯ ಸಾವೇ ಮನಸ್ಸಿಗೆ ಒಗ್ಗದವರಿಗೆ ಇಲ್ಲಿ ರಾಜಿಯ ದಾರಿಯಿಲ್ಲ. ಗೋಲ್ಡನ್ ರಿಟ್ರೀವರ್ ಕ್ಲಬ್ ಕೊಡುವ ವರ್ಕಿಂಗ್ ಸರ್ಟಿಫಿಕೇಟ್ ಎಂಬ ಸರಳ ಪರೀಕ್ಷೆಯಲ್ಲೂ ಹಕ್ಕಿಯೇ ಬೇಕು. ಅಂಥವರು ಯಾವ ಸಂಕೋಚವೂ ಇಲ್ಲದೆ ಒಬೀಡಿಯನ್ಸ್ ಆರಿಸಿಕೊಳ್ಳಬೇಕು. ಡಂಬೆಲ್ ತರುವುದರಲ್ಲೂ ರಿಟ್ರೀವರ್‌ನ ಹುಟ್ಟುಗುಣ ತೃಪ್ತಿಯಾಗುತ್ತದೆ, ನೀರಿಗೆ ಎಸೆದ ಬಂಪರ್ ತರಲು ಯಾರ ಪರೀಕ್ಷೆಯೂ ಬೇಕಾಗಿಲ್ಲ.

ಜಾಗ, ಸಮಯ, ಆರೋಗ್ಯ

ಒಬೀಡಿಯನ್ಸ್‌ಗೆ ಮನೆಯ ಹಿಂದಿನ ಅಂಗಳ, ಶಾಲೆಯ ಮೈದಾನ, ಚಳಿಗಾಲದಲ್ಲಿ ಗ್ಯಾರೇಜು ಸಾಕು. ಟ್ರಯಲ್‌ಗಳು ವರ್ಷವಿಡೀ ನಡೆಯುತ್ತವೆ, ರಿಂಗಿನೊಳಗೆ ಕಳೆಯುವುದು ಕೆಲವೇ ನಿಮಿಷ. ಹಂಟ್ ಟೆಸ್ಟ್‌ಗೆ ವಿಶಾಲವಾದ ನೆಲ, ನಾಯಿ ಈಜಬಹುದಾದ ಹೊಂಡ, ಹಕ್ಕಿ ಎಸೆಯಲು ಜನ ಬೇಕು. ಉತ್ತರದ ರಾಜ್ಯಗಳಲ್ಲಿ ಟೆಸ್ಟ್‌ಗಳು ಹೆಚ್ಚಾಗಿ ವಸಂತದಿಂದ ಶರತ್ಕಾಲದವರೆಗಿನ ವಾರಾಂತ್ಯಗಳಲ್ಲಿ, ನಸುಕಿಗೇ ಹೊರಡಬೇಕಾದಷ್ಟು ದೂರದಲ್ಲಿ ನಡೆಯುತ್ತವೆ. ಒಬ್ಬರೇ ತರಬೇತಿ ಕೊಡುವುದು ಹೆಚ್ಚುಕಡಿಮೆ ಅಸಾಧ್ಯವಾದ್ದರಿಂದ ಕ್ಲಬ್ ಸೇರುವುದು ಅನಿವಾರ್ಯ. ಹೊಸಬರು ಹೋದ ಮೊದಲ ದಿನ ನಾಯಿಯನ್ನು ಕಾರಿನ ಕ್ರೇಟ್‌ನಲ್ಲೇ ಬಿಟ್ಟು, ಇತರರ ನಾಯಿಗಳಿಗೆ ಹಕ್ಕಿ ಎಸೆಯುವ ಕೆಲಸಕ್ಕೆ ನಿಂತರೆ, ಹಳಬರ ವಿಶ್ವಾಸವೂ ಸಿಗುತ್ತದೆ, ನಾಯಿ ಗಾಳಿಯನ್ನು ಹೇಗೆ ಬಳಸುತ್ತದೆ ಎಂಬುದೂ ಎದುರಿನಿಂದ ಕಾಣುತ್ತದೆ. ಆ ಕೆಲಸವನ್ನು ತಪ್ಪಿಸಿಕೊಂಡು ತಮ್ಮ ನಾಯಿಯ ಸರದಿ ಮುಗಿದೊಡನೆ ಹೊರಡುವವರನ್ನು ಯಾವ ಕ್ಲಬ್ಬೂ ಇಷ್ಟಪಡುವುದಿಲ್ಲ.

ಆರೋಗ್ಯದ ದೃಷ್ಟಿಯಿಂದ ಲ್ಯಾಬ್ರಡಾರ್ ಮರಿಯನ್ನು ಬಯಲಿನ ಕೆಲಸಕ್ಕೆಂದೇ ಆರಿಸುವವರು ಇಐಸಿ ಎಂಬ ಆನುವಂಶಿಕ ದೋಷದ ಪರೀಕ್ಷೆಯ ಫಲಿತಾಂಶವನ್ನು ಮಾರುವವರಿಂದ ಕೇಳಬೇಕು. ತಂದೆ ತಾಯಿ ಇಬ್ಬರಿಂದಲೂ ಇದು ಬಂದ ನಾಯಿ ತೀವ್ರ ಓಟದ ಉದ್ರೇಕದಲ್ಲಿ ಹಿಂಗಾಲು ಸೋತು ಕುಸಿಯಬಹುದು. ಅದು ನೀರಿನ ನಡುವೆ ಆದರೆ ಪ್ರಾಣಕ್ಕೇ ಅಪಾಯ. ರಿಂಗಿನ ಕೆಲಸದಲ್ಲಿ ಇಂಥ ಸಂದರ್ಭ ವಿರಳ. ರಿಂಗಿನ ಅಪಾಯ ಹಾರುವುದರಲ್ಲಿದೆ. ಸೊಂಟ ಮತ್ತು ಮೊಣಕೈಗಳ ಎಕ್ಸ್‌ರೇ ಆಗದೆ, ಎಲುಬಿನ ಬೆಳವಣಿಗೆ ಮುಗಿಯದೆ ಎತ್ತರದ ಹಲಗೆಯನ್ನು ಹಾರಿಸುವುದು ಸರಿಯಲ್ಲ. ತಳಿಯ ಸಾಲೂ ಮುಖ್ಯ. ಬಯಲಿಗೆಂದೇ ತಲೆಮಾರುಗಳಿಂದ ಬೆಳೆಸಿದ ಸಪೂರ ಲ್ಯಾಬ್ ಅಪಾರ್ಟ್‌ಮೆಂಟಿನಲ್ಲಿ ಕೂತು ಕಾಲ ಕಳೆಯುವ ನಾಯಿಯಲ್ಲ. ಕೆಲಸ ಕೊಡದಿದ್ದರೆ ಅದು ತನ್ನ ಕೆಲಸವನ್ನು ತಾನೇ ಹುಡುಕಿಕೊಂಡು ಸೋಫಾ ಬಿಚ್ಚುತ್ತದೆ. ಪ್ರದರ್ಶನದ ಸಾಲಿನ ದಪ್ಪ ತಲೆಯ ಲ್ಯಾಬ್ ಜೂನಿಯರ್ ಹಂತವನ್ನು ಸಲೀಸಾಗಿ ಮುಗಿಸಬಲ್ಲದು, ಮಾಸ್ಟರ್ ಮಟ್ಟದ ವೇಗ ಮತ್ತು ದೂರ ಅದಕ್ಕೆ ಭಾರವಾಗುವುದೇ ಹೆಚ್ಚು.

ಭಾರತದಲ್ಲಿರುವವರಿಗೆ

ಕರ್ನಾಟಕದಲ್ಲಿ ಲ್ಯಾಬ್ ಸಾಕಿದವರಿಗೆ ಈ ಆಯ್ಕೆಯ ಪ್ರಶ್ನೆಯೇ ಬಹುಮಟ್ಟಿಗೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿರುವುದರಿಂದ ಹಂಟ್ ಟೆಸ್ಟಿನ ಸಂಸ್ಕೃತಿ ಇಲ್ಲಿ ಬೆಳೆದಿಲ್ಲ. ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾದ ಮಾನ್ಯತೆಯಡಿ ಒಬೀಡಿಯನ್ಸ್ ಪರೀಕ್ಷೆಗಳು ನಡೆಯುತ್ತವೆ, ಆಸಕ್ತರು ಅತ್ತ ಗಮನ ಕೊಡಬಹುದು. ಮಾರ್ಕ್, ಸಿಳ್ಳೆ, ಕೈಸನ್ನೆಗಳನ್ನು ಬಂಪರ್ ಮಾತ್ರ ಬಳಸಿ ಖಾಲಿ ಮೈದಾನದಲ್ಲಿ ಕಲಿಸಲು ಯಾವ ಅಡ್ಡಿಯೂ ಇಲ್ಲ, ನಾಯಿಗೆ ಅದರಷ್ಟು ಸಂತೋಷ ಕೊಡುವ ವ್ಯಾಯಾಮವೂ ಬೇರೆಯಿಲ್ಲ. ಆದರೆ ಬೇಸಿಗೆಯಲ್ಲಿ ಬೆಳಗಿನ ತಂಪು ಆರುವ ಮೊದಲೇ ಮುಗಿಸಬೇಕು, ಬೆಂಗಳೂರಿನ ಕೆರೆಗಳ ನೀರಿಗೆ ನಾಯಿಯನ್ನು ಇಳಿಸಬಾರದು.

ಯಾರಿಗೆ ಯಾವುದು

ಮರಿ ಎಳೆಯದಿದ್ದು, ಒಂದು ಗಂಟೆಯ ದಾರಿಯಲ್ಲಿ ರಿಟ್ರೀವರ್ ಕ್ಲಬ್ ಇದ್ದು, ಹಕ್ಕಿಯ ವಿಷಯದಲ್ಲಿ ಮನೆಯವರೆಲ್ಲ ಒಪ್ಪಿದ್ದರೆ, ಬಯಲಿನಿಂದ ಆರಂಭಿಸಿ ಎಂಬುದು ನನ್ನ ಸಲಹೆ. ದೂರ ನೋಡುವ ಅಭ್ಯಾಸ, ನೀರಿಗೆ ಹಿಂಜರಿಯದೆ ಧುಮುಕುವ ಧೈರ್ಯ, ಹಕ್ಕಿಯ ಮೇಲಿನ ಆಸೆ ಇವು ಮೊದಲ ವರ್ಷದಲ್ಲಿ ಸುಲಭವಾಗಿ ಬೇರೂರುತ್ತವೆ, ಆಮೇಲೆ ಬೆಳೆಸುವುದು ಕಷ್ಟ. ಮುಖ ನೋಡುತ್ತಾ ನಡೆಯುವ ಹೀಲ್‌ನ್ನು ಎರಡನೆಯ, ಮೂರನೆಯ ವರ್ಷದಲ್ಲೂ ಚೆನ್ನಾಗಿ ಕಲಿಸಬಹುದು. ಮೊದಲ ವರ್ಷದಲ್ಲಿ ಕೂರುವುದು, ಬರುವುದು, ಎಳೆಯದೆ ನಡೆಯುವುದು ಇಷ್ಟು ಸಾಕು. ಜೂನಿಯರ್ ಬಿರುದು ಬಂದ ಮೇಲೆ ಬರುವ ಚಳಿಗಾಲದಲ್ಲಿ ನಾವಿಸ್‌ಗೆ ತಯಾರಿ ಮಾಡಿದರೆ ಎರಡೂ ಒಂದಕ್ಕೊಂದು ಅಡ್ಡಬಾರದೆ ಸಾಗುತ್ತವೆ.

ನಾಯಿಗೆ ಆಗಲೇ ನಾಲ್ಕೈದು ವರ್ಷವಾಗಿದ್ದರೆ, ಸದ್ದಿಗೆ ಹೆದರುವ ಸ್ವಭಾವವಿದ್ದರೆ, ವಾರಾಂತ್ಯಗಳು ಮಕ್ಕಳ ತರಗತಿಗಳಿಗೆ ಮೀಸಲಾಗಿದ್ದರೆ ಒಬೀಡಿಯನ್ಸ್ ಕಡೆಗೇ ಹೋಗುವುದು ಸರಿ. ಪೂರ್ಣ ಒಬೀಡಿಯನ್ಸ್‌ನ ಕಟ್ಟುನಿಟ್ಟು ಮೊದಲಿಗೆ ಭಯ ಹುಟ್ಟಿಸಿದರೆ ರ‍್ಯಾಲಿ ಎಂಬ ಹಗುರ ರೂಪವಿದೆ. ಅದರಲ್ಲಿ ಫಲಕಗಳಲ್ಲಿ ಬರೆದ ಸೂಚನೆಗಳನ್ನು ಓದುತ್ತಾ, ನಾಯಿಯೊಂದಿಗೆ ಮಾತನಾಡುತ್ತಾ ನಡೆಯಬಹುದು. ಎಕೆಸಿ ಇದಕ್ಕೆ 2005ರಿಂದ ಬಿರುದು ಕೊಡುತ್ತಿದೆ. ತಳಿಯ ದಾಖಲೆಯಿಲ್ಲದ ಮಿಶ್ರ ತಳಿಯ ನಾಯಿಗೂ ರ‍್ಯಾಲಿ ಮತ್ತು ಒಬೀಡಿಯನ್ಸ್ ಎರಡರಲ್ಲೂ ಅವಕಾಶವಿದೆ. ಬಯಲೋ ರಿಂಗೋ ಎಂಬುದು ಇನ್ನೂ ತೀರ್ಮಾನವಾಗದವರು ಹೆಸರು ನೋಂದಾಯಿಸಿ ಶುಲ್ಕ ಕಟ್ಟುವ ಮೊದಲು ಒಂದು ವಾರಾಂತ್ಯ ಟ್ರಯಲ್‌ಗೆ, ಇನ್ನೊಂದು ವಾರಾಂತ್ಯ ಹಂಟ್ ಟೆಸ್ಟ್‌ಗೆ ನಾಯಿಯಿಲ್ಲದೆ ಹೋಗಿ, ಫೇಲಾದ ನಾಯಿಯನ್ನು ಕರೆದುಕೊಂಡು ಹೊರಬರುವ ಯಜಮಾನರ ಮುಖವನ್ನು ಗಮನಿಸಬೇಕು. ಮರುದಿನ ಮತ್ತೆ ಬರುವ ಉತ್ಸಾಹ ಯಾವ ಕಡೆ ತಮಗೆ ಉಳಿದೀತು ಎಂಬುದು ಅಲ್ಲಿ ತಿಳಿಯುತ್ತದೆ.